ಪೆರಾಕ್ಸಿಸೋಮ್‌ಗಳ ಉತ್ಪತ್ತಿ ಮತ್ತು ವೃದ್ಧಿ

ಪೆರಾಕ್ಸಿಸೋಮ್ ಎಂಬುದು ಸಸ್ಯ, ಪ್ರಾಣಿ ಮತ್ತು ಶಿಲೀಂಧ್ರಗಳ ಬಹುತೇಕ ಎಲ್ಲ ಜೀವಕೋಶಗಳಲ್ಲಿ ಕಂಡುಬರುವ, ಒಂದೇ ಪೊರೆಯಿಂದ ಆವೃತವಾದ ಸೂಕ್ಷ್ಮ ಕಣದಂಗ. ಇದರ ವ್ಯಾಸ ಸಾಮಾನ್ಯವಾಗಿ 0.1ರಿಂದ 1 ಮೈಕ್ರೋಮೀಟರ್. ಕೊಬ್ಬಿನಾಮ್ಲಗಳನ್ನು ಒಡೆಯುವುದು, ಆ ಕ್ರಿಯೆಯಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ನಿರಪಾಯಗೊಳಿಸುವುದು ಇದರ ಮುಖ್ಯ ಕಾರ್ಯಗಳು. ಮೈಟೊಕಾಂಡ್ರಿಯ ಮತ್ತು ಹರಿತ್ಕಣಗಳಿಗೆ ಇರುವಂತೆ ಪೆರಾಕ್ಸಿಸೋಮ್‌ಗೆ ಸ್ವಂತ ಡಿ.ಎನ್.ಎ. ಇಲ್ಲ, ಪ್ರೋಟೀನ್ ತಯಾರಿಸುವ ಸ್ವಂತ ರೈಬೋಸೋಮ್‌ಗಳೂ ಇಲ್ಲ. ತನಗೆ ಬೇಕಾದ ಪ್ರತಿಯೊಂದು ಪ್ರೋಟೀನನ್ನೂ ಅದು ಹೊರಗಿನಿಂದಲೇ ಪಡೆಯಬೇಕು. ಹಾಗಿದ್ದರೂ ಜೀವಕೋಶವು ಅಗತ್ಯ ಬಿದ್ದಾಗ ಇವುಗಳ ಸಂಖ್ಯೆಯನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳುತ್ತದೆ, ಅಗತ್ಯ ತೀರಿದಾಗ ಕಡಿಮೆ ಮಾಡಿಕೊಳ್ಳುತ್ತದೆ. ಈ ಉತ್ಪತ್ತಿ ಕ್ರಿಯೆಯು ಹುಟ್ಟಿನಿಂದಲೇ ಕೆಟ್ಟಿರುವ ಶಿಶುಗಳಲ್ಲಿ ಜೆಲ್ವೆಗರ್ ಲಕ್ಷಣಕೂಟ ಎಂಬ ತೀವ್ರ ಕಾಯಿಲೆ ಉಂಟಾಗುತ್ತದೆ.

ಇತಿಹಾಸ

ಸ್ವೀಡನ್ನಿನ ಯೊಹಾನೆಸ್ ರೋಡಿನ್ ಅವರು 1954ರಲ್ಲಿ ಇಲಿಯ ಮೂತ್ರಪಿಂಡದ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವಾಗ ಈ ಕಣಗಳನ್ನು ಗುರುತಿಸಿ, ಅವುಗಳನ್ನು 'ಮೈಕ್ರೋಬಾಡಿ' ಎಂದು ಕರೆದರು. ಅವು ಏನು ಮಾಡುತ್ತವೆ ಎಂಬುದು ಆಗ ತಿಳಿದಿರಲಿಲ್ಲ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್ ಮತ್ತು ಅವರ ಸಹೋದ್ಯೋಗಿಗಳು ಯಕೃತ್ತಿನ ಕೋಶಗಳಿಂದ ಇವನ್ನು ಬೇರ್ಪಡಿಸಿ, ಹೈಡ್ರೋಜನ್ ಪೆರಾಕ್ಸೈಡ್ ಉತ್ಪಾದಿಸುವ ಕಿಣ್ವಗಳೂ ಅದನ್ನು ವಿಭಜಿಸುವ ಕ್ಯಾಟಲೇಸ್ ಕಿಣ್ವವೂ ಒಂದೇ ಕಣದೊಳಗೆ ಇರುವುದನ್ನು ತೋರಿಸಿದರು. ಪೆರಾಕ್ಸಿಸೋಮ್ ಎಂಬ ಹೆಸರು ಬಂದದ್ದು ಈ ಗುಣದಿಂದ. 1966ರಲ್ಲಿ ಡಿ ಡೂವ್ ಮತ್ತು ಪಿಯೆರ್ ಬೋದುವಿನ್ ಪ್ರಕಟಿಸಿದ ದೀರ್ಘ ಲೇಖನದಿಂದ ಈ ಹೆಸರು ರೂಢಿಗೆ ಬಂತು. ಲೈಸೋಸೋಮ್ ಎಂಬ ಇನ್ನೊಂದು ಕಣದಂಗವನ್ನು ಗುರುತಿಸಿದವರೂ ಡಿ ಡೂವ್ ಅವರೇ. 1974ರಲ್ಲಿ ಅವರು ನೊಬೆಲ್ ಪ್ರಶಸ್ತಿಯನ್ನು ಇಬ್ಬರು ಇತರ ವಿಜ್ಞಾನಿಗಳೊಂದಿಗೆ ಹಂಚಿಕೊಂಡರು.

ಸಸ್ಯಗಳಲ್ಲಿ 1967ರಲ್ಲಿ ಬ್ರೈಡೆನ್‌ಬಾಕ್ ಮತ್ತು ಬೀವರ್ಸ್ ಎಂಬವರು ಮೊಳೆಯುತ್ತಿರುವ ಹರಳು (ಔಡಲ) ಬೀಜದಿಂದ ಇದೇ ಬಗೆಯ ಕಣಗಳನ್ನು ಬೇರ್ಪಡಿಸಿ, ಅವಕ್ಕೆ ಗ್ಲೈಆಕ್ಸಿಸೋಮ್ ಎಂದು ಹೆಸರಿಟ್ಟರು. ಇವು ಪೆರಾಕ್ಸಿಸೋಮ್‌ನ ಒಂದು ವಿಶೇಷ ರೂಪವೆಂದು ಈಗ ಪರಿಗಣಿಸಲಾಗಿದೆ.

ಕಾರ್ಯಗಳು

ಗಾಯದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ಹಾಕಿದಾಗ ಅದು ನೊರೆಗಟ್ಟುವುದನ್ನು ಎಲ್ಲರೂ ಕಂಡಿರುತ್ತಾರೆ. ಹಸಿ ಆಲೂಗಡ್ಡೆಯ ಹೋಳಿನ ಮೇಲೆ ಹಾಕಿದರೂ ಹೀಗೆಯೇ ಆಗುತ್ತದೆ. ಕೋಶಗಳಲ್ಲಿರುವ ಕ್ಯಾಟಲೇಸ್ ಕಿಣ್ವವು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದೇ ಇದಕ್ಕೆ ಕಾರಣ. ಜೀವಂತ ಕೋಶದಲ್ಲಿ ಈ ಕಿಣ್ವದ ಪ್ರಮುಖ ನೆಲೆ ಪೆರಾಕ್ಸಿಸೋಮ್. ಪೆರಾಕ್ಸೈಡ್ ಹುಟ್ಟುವ ಸ್ಥಳದಲ್ಲಿಯೇ ಅದನ್ನು ಒಡೆಯುವ ವ್ಯವಸ್ಥೆಯೂ ಇರುವುದರಿಂದ ಕೋಶದ ಉಳಿದ ಭಾಗಗಳಿಗೆ ಹಾನಿ ತಪ್ಪುತ್ತದೆ.

ಮನುಷ್ಯರಲ್ಲಿ ಅತಿ ಉದ್ದದ ಸರಪಳಿಯ ಕೊಬ್ಬಿನಾಮ್ಲಗಳನ್ನು ಮೊದಲು ಪೆರಾಕ್ಸಿಸೋಮ್ ಮೊಟಕುಗೊಳಿಸುತ್ತದೆ. ಉಳಿದ ಕೆಲಸವನ್ನು ಮೈಟೊಕಾಂಡ್ರಿಯ ಮುಗಿಸುತ್ತದೆ. ಪಿತ್ತಾಮ್ಲಗಳ ತಯಾರಿಕೆಯ ಕೊನೆಯ ಹಂತಗಳು ಹಾಗೂ ನರಗಳ ಹೊದಿಕೆಗೆ ಬೇಕಾದ ಪ್ಲಾಸ್ಮಲೋಜೆನ್ ಎಂಬ ಕೊಬ್ಬಿನ ತಯಾರಿಕೆಯ ಮೊದಲ ಹಂತಗಳು ಸಹ ಇಲ್ಲಿಯೇ ನಡೆಯುತ್ತವೆ. ಸಸ್ಯಗಳಲ್ಲಿ ಮತ್ತು ಯೀಸ್ಟ್‌ಗಳಲ್ಲಿ ಕೊಬ್ಬಿನಾಮ್ಲಗಳನ್ನು ಒಡೆಯುವ ಕಾರ್ಯವು ಪ್ರಧಾನವಾಗಿ ಪೆರಾಕ್ಸಿಸೋಮ್‌ನದೇ.

ಉತ್ಪತ್ತಿಯ ಕುರಿತ ಮೂಲ ಪ್ರಶ್ನೆ

ಪೆರಾಕ್ಸಿಸೋಮ್ ಹೇಗೆ ಹುಟ್ಟುತ್ತದೆ ಎಂಬ ಬಗ್ಗೆ ಎರಡು ವಿಭಿನ್ನ ಅಭಿಪ್ರಾಯಗಳು ದೀರ್ಘಕಾಲ ಚರ್ಚೆಯಲ್ಲಿದ್ದವು. ಈ ಕಣಗಳು ಎಂಡೋಪ್ಲಾಸ್ಮಿಕ್ ಜಾಲ ಎಂಬ ಪೊರೆಗಳ ಬಲೆಯಿಂದ ಮೊಗ್ಗಿನಂತೆ ಚಿಗುರಿ ಬೇರ್ಪಡುತ್ತವೆ ಎಂಬುದು ಮೊದಲ ಅಭಿಪ್ರಾಯ. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದರ ಪಕ್ಕದಲ್ಲೊಂದು ಅಂಟಿಕೊಂಡಂತೆ ಕಾಣುತ್ತಿದ್ದುದು ಇದಕ್ಕೆ ಆಧಾರವಾಗಿತ್ತು. ಆದರೆ ಪೆರಾಕ್ಸಿಸೋಮ್‌ನ ಒಳಗಿನ ಕಿಣ್ವಗಳು ಎಂಡೋಪ್ಲಾಸ್ಮಿಕ್ ಜಾಲದಲ್ಲಿ ತಯಾರಾಗುವುದಿಲ್ಲ, ಕೋಶದ್ರವ್ಯದ ಮುಕ್ತ ರೈಬೋಸೋಮ್‌ಗಳಲ್ಲಿ ತಯಾರಾಗಿ ಅನಂತರ ಒಳಸೇರುತ್ತವೆ ಎಂಬುದು ಮುಂದೆ ಸಿದ್ಧವಾಯಿತು. ಇದರ ಆಧಾರದಲ್ಲಿ ಪಾಲ್ ಲಾಜರೋ ಮತ್ತು ಯುಕಿಯೊ ಫುಜಿಕಿ 1985ರಲ್ಲಿ ಎರಡನೆಯ ವಾದವನ್ನು ಮಂಡಿಸಿದರು: ಈಗಾಗಲೇ ಇರುವ ಪೆರಾಕ್ಸಿಸೋಮ್ ಹೊಸ ಪ್ರೋಟೀನ್‌ಗಳನ್ನು ಪಡೆದು ಬೆಳೆಯುತ್ತದೆ, ಬೆಳೆದು ವಿಭಜನೆಗೊಳ್ಳುತ್ತದೆ, ಇಲ್ಲದುದರಿಂದ ಅದು ಹುಟ್ಟುವುದಿಲ್ಲ.

ಈ ವಾದವನ್ನು ಮೊಸರಿನ ಉದಾಹರಣೆಯಿಂದ ತಿಳಿಯಬಹುದು. ಹಾಲು ಮೊಸರಾಗಬೇಕಾದರೆ ನಿನ್ನೆಯ ಮೊಸರಿನ ಹೆಪ್ಪು ಬೇಕು. ಹಾಗೆಯೇ ಹೊಸ ಪೆರಾಕ್ಸಿಸೋಮ್‌ಗೆ ಹಳೆಯ ಪೆರಾಕ್ಸಿಸೋಮ್ ಹೆಪ್ಪಿನಂತೆ ಅವಶ್ಯ ಎಂಬುದು ಇದರ ತಾತ್ಪರ್ಯ. ಹೆಪ್ಪು ಪೂರ್ಣವಾಗಿ ನಾಶವಾದ ಕೋಶದಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ ದೊರೆತ ಉತ್ತರವು ಈ ವಾದವನ್ನು ತಿದ್ದಬೇಕಾದ ಸಂದರ್ಭವನ್ನು ತಂದಿತು. ಅದನ್ನು ಮುಂದೆ ವಿವರಿಸಲಾಗಿದೆ.

ಪ್ರೋಟೀನ್‌ಗಳ ಪ್ರವೇಶ

ಪೆರಾಕ್ಸಿಸೋಮ್ ರಚನೆಯಲ್ಲಿ ಪಾಲ್ಗೊಳ್ಳುವ ಪ್ರೋಟೀನ್‌ಗಳನ್ನು ಪೆರಾಕ್ಸಿನ್‌ಗಳೆಂದೂ ಅವುಗಳ ಜೀನ್‌ಗಳನ್ನು 'ಪೆಕ್ಸ್' ಜೀನ್‌ಗಳೆಂದೂ ಕರೆಯುತ್ತಾರೆ. ಬೇರೆ ಬೇರೆ ಪ್ರಯೋಗಾಲಯಗಳು ಬಳಸುತ್ತಿದ್ದ ಹೆಸರುಗಳನ್ನು 1996ರಲ್ಲಿ ಏಕರೂಪಗೊಳಿಸಿ, ಪೆಕ್ಸ್-1, ಪೆಕ್ಸ್-2 ಎಂಬಂತೆ ಸಂಖ್ಯೆಗಳನ್ನು ನೀಡಲಾಯಿತು.

ಕೋಶದ್ರವ್ಯದಲ್ಲಿ ತಯಾರಾದ ಸಾವಿರಾರು ಬಗೆಯ ಪ್ರೋಟೀನ್‌ಗಳಲ್ಲಿ ಪೆರಾಕ್ಸಿಸೋಮ್‌ಗೆ ಸೇರಬೇಕಾದವು ಯಾವುವು ಎಂಬುದು ಅವುಗಳ ಮೇಲಿರುವ 'ವಿಳಾಸ'ದಿಂದ ತಿಳಿಯುತ್ತದೆ. ಈ ವಿಳಾಸವನ್ನು ಪತ್ತೆಹಚ್ಚಲು ನೆರವಾದದ್ದು ಮಿಂಚುಹುಳು. ಮಿಂಚುಹುಳುವಿನ ಬೆಳಕಿಗೆ ಕಾರಣವಾದ ಲೂಸಿಫರೇಸ್ ಕಿಣ್ವವು ಅದರ ದೇಹದಲ್ಲಿ ಪೆರಾಕ್ಸಿಸೋಮ್‌ನೊಳಗೆ ಇರುತ್ತದೆ. ಅದೇ ಕಿಣ್ವವನ್ನು ಸಸ್ತನಿಯ ಕೋಶಗಳಲ್ಲಿ ತಯಾರಾಗುವಂತೆ ಮಾಡಿದಾಗಲೂ ಅದು ಪೆರಾಕ್ಸಿಸೋಮ್‌ಗೇ ಹೋಗಿ ಸೇರಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಭಾರತೀಯ ಮೂಲದ ಸುರೇಶ್ ಸುಬ್ರಮಣಿ ಮತ್ತು ಸ್ಟೀಫನ್ ಗೂಲ್ಡ್ ಮೊದಲಾದವರು 1987ರಿಂದ 1989ರ ಅವಧಿಯಲ್ಲಿ ನಡೆಸಿದ ಪ್ರಯೋಗಗಳಿಂದ ಆ ವಿಳಾಸವು ಪ್ರೋಟೀನಿನ ತುದಿಯಲ್ಲಿರುವ ಕೇವಲ ಮೂರು ಅಮೈನೋ ಆಮ್ಲಗಳೆಂದು ತಿಳಿದುಬಂತು. ಸೆರೀನ್, ಲೈಸೀನ್ ಮತ್ತು ಲ್ಯೂಸೀನ್ ಇವೇ ಆ ಮೂರು. ಇವುಗಳನ್ನು ಹೋಲುವ ಇತರ ಮೂವರ ಗುಂಪುಗಳೂ ಇದೇ ಕೆಲಸ ಮಾಡಬಲ್ಲವು. ಸಸ್ಯ, ಯೀಸ್ಟ್, ಕೀಟ, ಮನುಷ್ಯ ಎಲ್ಲರಲ್ಲಿಯೂ ಈ ವಿಳಾಸ ಹೆಚ್ಚುಕಡಿಮೆ ಒಂದೇ. ಕೆಲವು ಪ್ರೋಟೀನ್‌ಗಳಲ್ಲಿ ಮಾತ್ರ ಇದಕ್ಕಿಂತ ಭಿನ್ನವಾದ, ಆರಂಭದ ತುದಿಯ ಸಮೀಪದಲ್ಲಿರುವ ಇನ್ನೊಂದು ವಿಳಾಸವಿರುತ್ತದೆ.

ಮೊದಲನೆಯ ವಿಳಾಸವನ್ನು ಪೆಕ್ಸ್-5, ಎರಡನೆಯದನ್ನು ಪೆಕ್ಸ್-7 ಗುರುತಿಸುತ್ತದೆ. ಪೆಕ್ಸ್-5ರ ಕಾರ್ಯವು ಹೀಗೆ ನಡೆಯುತ್ತದೆ:

1. ಕೋಶದ್ರವ್ಯದಲ್ಲಿ ಪೆಕ್ಸ್-5 ತನಗೆ ಸಂಬಂಧಿಸಿದ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ.
2. ಪೆರಾಕ್ಸಿಸೋಮ್ ಪೊರೆಯಲ್ಲಿರುವ ಪೆಕ್ಸ್-13 ಮತ್ತು ಪೆಕ್ಸ್-14ರ ಬಳಿ ಬಂದು ತಂಗುತ್ತದೆ.
3. ಹೊತ್ತು ತಂದ ಪ್ರೋಟೀನು ಪೊರೆಯನ್ನು ದಾಟಿ ಒಳಸೇರುತ್ತದೆ.
4. ಪೆಕ್ಸ್-2, ಪೆಕ್ಸ್-10, ಪೆಕ್ಸ್-12 ಇವು ಸೇರಿ ಪೆಕ್ಸ್-5ಕ್ಕೆ ಯುಬಿಕ್ವಿಟಿನ್ ಎಂಬ ಸಣ್ಣ ಪ್ರೋಟೀನನ್ನು ಗುರುತಾಗಿ ಜೋಡಿಸುತ್ತವೆ.
5. ಪೆಕ್ಸ್-1 ಮತ್ತು ಪೆಕ್ಸ್-6 ಎ.ಟಿ.ಪಿ. ಶಕ್ತಿಯನ್ನು ವ್ಯಯಿಸಿ ಅದನ್ನು ಹೊರಕ್ಕೆ ಎಳೆಯುತ್ತವೆ. ಗುರುತು ಕಳಚಿದ ಬಳಿಕ ಪೆಕ್ಸ್-5 ಮತ್ತೆ ಹೊಸ ಸರಕನ್ನು ತರಲು ಸಿದ್ಧವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೈಟೊಕಾಂಡ್ರಿಯವನ್ನು ಪ್ರವೇಶಿಸುವ ಪ್ರೋಟೀನ್‌ಗಳು ಸಾಮಾನ್ಯವಾಗಿ ಮಡಿಕೆ ಬಿಚ್ಚಿ ಎಳೆಯಂತಾಗಿ ಒಳಹೋಗಬೇಕು. ಪೆರಾಕ್ಸಿಸೋಮ್ ಮಾತ್ರ ಪೂರ್ಣವಾಗಿ ಮಡಚಿಕೊಂಡ, ಕೆಲವೊಮ್ಮೆ ಹಲವು ಘಟಕಗಳು ಜೋಡಣೆಯಾದ ಪ್ರೋಟೀನ್‌ಗಳನ್ನು ಹಾಗೆಯೇ ಬರಮಾಡಿಕೊಳ್ಳುತ್ತದೆ. ಅಷ್ಟು ದೊಡ್ಡ ಸರಕನ್ನು ಬಿಟ್ಟುಕೊಂಡೂ ಪೊರೆ ಸೋರದಂತೆ ಉಳಿಯುವುದು ಹೇಗೆ ಎಂಬುದು ಬಹುಕಾಲ ಒಗಟಾಗಿತ್ತು. ಪೆಕ್ಸ್-13ರ ಅಣುಗಳು ಪೊರೆಯಲ್ಲಿ ಜಾಲರಿಯಂತೆ ಹೆಣೆದುಕೊಂಡಿದ್ದು, ಪೆಕ್ಸ್-5 ತನ್ನ ಸರಕಿನೊಂದಿಗೆ ಅದರ ಮೂಲಕ ನುಸುಳುತ್ತದೆ ಎಂಬ ವಿವರಣೆಯನ್ನು 2022ರಲ್ಲಿ ಪ್ರಕಟವಾದ ಸಂಶೋಧನೆ ಮುಂದಿಟ್ಟಿದೆ.

ಪೊರೆಯ ಪ್ರೋಟೀನ್‌ಗಳಿಗೆ ದಾರಿ ಬೇರೆ. ಅವುಗಳನ್ನು ಪೆಕ್ಸ್-19 ಕೋಶದ್ರವ್ಯದಲ್ಲಿ ಹಿಡಿದು ತಂದು, ಪೊರೆಯಲ್ಲಿರುವ ಪೆಕ್ಸ್-3ರ ಬಳಿ ಒಪ್ಪಿಸುತ್ತದೆ. ಸಸ್ತನಿಗಳಲ್ಲಿ ಪೆಕ್ಸ್-16 ಸಹ ಈ ಕಾರ್ಯದಲ್ಲಿ ನೆರವಾಗುತ್ತದೆ. ಈ ಮೂರರಲ್ಲಿ ಒಂದು ಇಲ್ಲವಾದರೂ ಪೆರಾಕ್ಸಿಸೋಮ್‌ನ ಪೊರೆಯೇ ರೂಪುಗೊಳ್ಳುವುದಿಲ್ಲ. ಉಳಿದ ಪೆರಾಕ್ಸಿನ್‌ಗಳಲ್ಲಿ ಬಹಳಷ್ಟು ಕೆಟ್ಟಾಗ ಪೊರೆ ಇರುತ್ತದೆ, ಒಳಗೆ ಕಿಣ್ವಗಳಿರುವುದಿಲ್ಲ. ಇಂತಹ ಬರಿದಾದ ಚೀಲಗಳನ್ನು 'ಪೆರಾಕ್ಸಿಸೋಮ್ ಛಾಯೆ'ಗಳೆಂದು ಕರೆಯಲಾಗುತ್ತದೆ.

ಬೆಳವಣಿಗೆ ಮತ್ತು ವಿಭಜನೆ

ಸಾಮಾನ್ಯ ಕೋಶಗಳಲ್ಲಿ ಪೆರಾಕ್ಸಿಸೋಮ್‌ಗಳ ಸಂಖ್ಯೆ ಹೆಚ್ಚುವ ಮುಖ್ಯ ವಿಧಾನ ಇದು. ಮೂರು ಹಂತಗಳಲ್ಲಿ ಇದನ್ನು ವಿವರಿಸಬಹುದು. ಮೊದಲ ಹಂತದಲ್ಲಿ ಪೆಕ್ಸ್-11 ಪ್ರೋಟೀನು ಪೊರೆಯನ್ನು ಬಾಗಿಸಿ, ದುಂಡಗಿನ ಕಣದಿಂದ ಕೊಳವೆಯಂತಹ ಭಾಗ ಉದ್ದವಾಗಿ ಹೊರಚಾಚುವಂತೆ ಮಾಡುತ್ತದೆ. ಎರಡನೆಯ ಹಂತದಲ್ಲಿ ಆ ಕೊಳವೆ ಅಲ್ಲಲ್ಲಿ ಕಿರಿದಾಗಿ, ಪೋಣಿಸಿದ ಮಣಿಗಳಂತೆ ಕಾಣುತ್ತದೆ. ಮೂರನೆಯ ಹಂತದಲ್ಲಿ ಡೈನಮಿನ್ ವರ್ಗದ ಪ್ರೋಟೀನ್‌ಗಳು ಕಿರಿದಾದ ಜಾಗಗಳನ್ನು ಉಂಗುರದಂತೆ ಸುತ್ತಿ ಬಿಗಿದು ಕತ್ತರಿಸುತ್ತವೆ. ಹೀಗೆ ಬೇರ್ಪಟ್ಟ ಪ್ರತಿಯೊಂದು ತುಂಡೂ ಹೊಸ ಕಿಣ್ವಗಳನ್ನು ಬರಮಾಡಿಕೊಂಡು ಪೂರ್ಣ ಗಾತ್ರಕ್ಕೆ ಬೆಳೆಯುತ್ತದೆ. ಕತ್ತರಿಸುವ ಈ ಪ್ರೋಟೀನ್‌ಗಳಲ್ಲಿ ಹಲವು ಮೈಟೊಕಾಂಡ್ರಿಯದ ವಿಭಜನೆಯಲ್ಲಿಯೂ ಬಳಕೆಯಾಗುತ್ತವೆ.

ಕೋಶವೇ ಎರಡಾಗುವಾಗ ಎರಡೂ ಮರಿಕೋಶಗಳಿಗೆ ಪೆರಾಕ್ಸಿಸೋಮ್ ಹಂಚಿಕೆಯಾಗಬೇಕು. ಬ್ರೆಡ್ ತಯಾರಿಕೆಯಲ್ಲಿ ಬಳಸುವ ಯೀಸ್ಟ್‌ನಲ್ಲಿ ಕೆಲವು ಪೆರಾಕ್ಸಿಸೋಮ್‌ಗಳನ್ನು ತಾಯಿಕೋಶದ ಅಂಚಿಗೆ ಕಟ್ಟಿಹಾಕುವ ಪ್ರೋಟೀನೊಂದಿದೆ. ಉಳಿದವನ್ನು ಮೊಗ್ಗಿನೊಳಕ್ಕೆ ಎಳೆದೊಯ್ಯಲು ನೆರವಾಗುವ ಪ್ರೋಟೀನು ಇನ್ನೊಂದಿದೆ. ಪಾಲು ಹಂಚಿದಂತೆ ತಾಯಿಗೂ ಮರಿಗೂ ಸುಮಾರು ಅರ್ಧರ್ಧ ಸಲ್ಲುತ್ತದೆ.

ಹೊಸದಾಗಿ ಹುಟ್ಟುವ ವಿಧಾನ

ಪೆಕ್ಸ್-16 ಇಲ್ಲದ ಮಾನವ ಕೋಶಗಳಲ್ಲಿ ಪೆರಾಕ್ಸಿಸೋಮ್ ಇರುವುದಿಲ್ಲ, ಅದರ ಛಾಯೆಯೂ ಇರುವುದಿಲ್ಲ. ಆ ಜೀನನ್ನು ಕೋಶಕ್ಕೆ ಮತ್ತೆ ಒದಗಿಸಿದಾಗ ಪೆರಾಕ್ಸಿಸೋಮ್‌ಗಳು ಮರಳಿ ಕಾಣಿಸಿಕೊಳ್ಳುವುದನ್ನು 1999ರಲ್ಲಿ ಸಾರಾ ಸೌತ್ ಮತ್ತು ಗೂಲ್ಡ್ ವರದಿ ಮಾಡಿದರು. ಅಂದರೆ ಹೆಪ್ಪಿಲ್ಲದ ಹಾಲೂ ಮೊಸರಾಗಬಲ್ಲದೆಂದು ತಿಳಿಯಿತು. 2005ರಲ್ಲಿ ನೆದರ್ಲೆಂಡ್ಸಿನ ಹೆಂಕ್ ತಾಬಾಕ್ ಅವರ ತಂಡವು ಯೀಸ್ಟ್‌ನಲ್ಲಿ ಪೆಕ್ಸ್-3ಕ್ಕೆ ಹೊಳೆಯುವ ಪ್ರೋಟೀನೊಂದನ್ನು ಜೋಡಿಸಿ, ಅದು ಮೊದಲು ಎಂಡೋಪ್ಲಾಸ್ಮಿಕ್ ಜಾಲದಲ್ಲಿ ಕಾಣಿಸಿಕೊಂಡು, ಬಳಿಕ ಅಲ್ಲಿಂದ ಬೇರ್ಪಟ್ಟು ಪೆರಾಕ್ಸಿಸೋಮ್ ಆಗುವುದನ್ನು ತೋರಿಸಿತು. 2017ರಲ್ಲಿ ಕೆನಡಾದ ಹೈಡಿ ಮೆಕ್‌ಬ್ರೈಡ್ ಅವರ ತಂಡವು ಮಾನವ ಕೋಶಗಳಲ್ಲಿ ಎಂಡೋಪ್ಲಾಸ್ಮಿಕ್ ಜಾಲದಿಂದ ಬಂದ ಪುಟ್ಟ ಕೋಶಿಕೆಗಳೂ ಮೈಟೊಕಾಂಡ್ರಿಯದಿಂದ ಬಂದ ಕೋಶಿಕೆಗಳೂ ಒಂದುಗೂಡಿ ಹೊಸ ಪೆರಾಕ್ಸಿಸೋಮ್ ರಚಿಸುತ್ತವೆಂದು ವರದಿ ಮಾಡಿತು.

ಹೀಗಾಗಿ ಎರಡು ಅಭಿಪ್ರಾಯಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎನ್ನುವಂತಿಲ್ಲ. ಪೆರಾಕ್ಸಿಸೋಮ್ ಇರುವ ಯೀಸ್ಟ್ ಕೋಶಗಳಲ್ಲಿ ವೃದ್ಧಿಯು ವಿಭಜನೆಯಿಂದಲೇ ಆಗುತ್ತದೆ, ಅವು ಇಲ್ಲವಾದಾಗ ಮಾತ್ರ ಹೊಸದಾಗಿ ಹುಟ್ಟುತ್ತವೆ ಎಂದು 2007ರ ಅಧ್ಯಯನವೊಂದು ತೋರಿಸಿದೆ. ವಿಭಜನೆ ನಡೆಯುತ್ತಿರುವಾಗಲೂ ಎಂಡೋಪ್ಲಾಸ್ಮಿಕ್ ಜಾಲದಿಂದ ಪೊರೆಗೆ ಬೇಕಾದ ಕೊಬ್ಬಿನಂಶದ ಪೂರೈಕೆ ನಿಲ್ಲುವುದಿಲ್ಲ. ಆರೋಗ್ಯವಂತ ಸಸ್ತನಿ ಕೋಶಗಳಲ್ಲಿ ಎರಡೂ ವಿಧಾನಗಳ ಪಾಲು ಎಷ್ಟೆಷ್ಟು ಎಂಬುದು ಈಗಲೂ ಚರ್ಚೆಯ ವಿಷಯ.

ಯೀಸ್ಟ್‌ನಲ್ಲಿ ವೃದ್ಧಿ ಮತ್ತು ಔಷಧ ತಯಾರಿಕೆ

ಆಹಾರಕ್ಕೆ ತಕ್ಕಂತೆ ಪೆರಾಕ್ಸಿಸೋಮ್ ವೃದ್ಧಿಯಾಗುವುದಕ್ಕೆ ಮೆಥನಾಲ್ ಬಳಸಬಲ್ಲ ಯೀಸ್ಟ್‌ಗಳು ಅತ್ಯಂತ ಸ್ಪಷ್ಟ ಉದಾಹರಣೆ. ಪಿಚಿಯಾ ಪಾಸ್ಟೋರಿಸ್ ಎಂಬ ಯೀಸ್ಟನ್ನು ಗ್ಲೂಕೋಸ್ ಇರುವ ದ್ರಾವಣದಲ್ಲಿ ಬೆಳೆಸಿದರೆ ಪ್ರತಿ ಕೋಶದಲ್ಲಿ ಕೆಲವೇ ಸಣ್ಣ ಪೆರಾಕ್ಸಿಸೋಮ್‌ಗಳಿರುತ್ತವೆ. ಅದನ್ನು ಮೆಥನಾಲಿಗೆ ವರ್ಗಾಯಿಸಿದರೆ ಅವು ಊದಿಕೊಂಡು, ಸಂಖ್ಯೆಯಲ್ಲಿ ಹೆಚ್ಚಿ, ಕೋಶದ ಬಹುಭಾಗವನ್ನು ಆಕ್ರಮಿಸುತ್ತವೆ. ಹ್ಯಾನ್ಸೆನುಲಾ ಪಾಲಿಮಾರ್ಫಾ ಎಂಬ ಸಂಬಂಧಿ ಯೀಸ್ಟ್‌ನಲ್ಲಿ ಅವು ಕೋಶದ ಗಾತ್ರದ ಶೇ. 80ರವರೆಗೂ ತುಂಬಿಕೊಳ್ಳಬಲ್ಲವು. ಮೆಥನಾಲನ್ನು ಒಡೆಯುವ ಆಲ್ಕೊಹಾಲ್ ಆಕ್ಸಿಡೇಸ್ ಕಿಣ್ವ ಅವುಗಳೊಳಗೆ ರಾಶಿಯಾಗಿ ಶೇಖರವಾಗುವುದೇ ಇದಕ್ಕೆ ಕಾರಣ. ಈ ಕ್ರಿಯೆಯಲ್ಲಿ ಫಾರ್ಮಾಲ್ಡಿಹೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಎಂಬ ಎರಡು ವಿಷವಸ್ತುಗಳು ಹುಟ್ಟುವುದರಿಂದ ಅದು ಪೊರೆಯ ಆವರಣದೊಳಗೆ ನಡೆಯುವುದು ಕೋಶಕ್ಕೆ ಕ್ಷೇಮ.

ಮೆಥನಾಲ್ ಇದ್ದಾಗ ಆಲ್ಕೊಹಾಲ್ ಆಕ್ಸಿಡೇಸ್ ಜೀನನ್ನು ಜೋರಾಗಿ ಚಾಲನೆಗೊಳಿಸುವ ಡಿ.ಎನ್.ಎ. ಭಾಗವನ್ನು ಔಷಧೋದ್ಯಮವು ಬೇರೆ ಪ್ರೋಟೀನ್‌ಗಳ ತಯಾರಿಕೆಗೆ ಬಳಸಿಕೊಂಡಿದೆ. ಆ ಭಾಗದ ಮುಂದೆ ಬೇಕಾದ ಪ್ರೋಟೀನಿನ ಜೀನನ್ನು ಜೋಡಿಸಿ ಮೆಥನಾಲ್ ಉಣಿಸಿದರೆ ಯೀಸ್ಟ್ ಆ ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತದೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು 1997ರಲ್ಲಿ ಹೊರತಂದ ಹೆಪಟೈಟಿಸ್-ಬಿ ಲಸಿಕೆ ಮತ್ತು ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ತಯಾರಾದದ್ದು ಪಿಚಿಯಾ ಯೀಸ್ಟ್‌ನಲ್ಲಿ. ಲಸಿಕೆಯಾಗಲಿ ಇನ್ಸುಲಿನ್ ಆಗಲಿ ಪೆರಾಕ್ಸಿಸೋಮ್‌ನ ಭಾಗವಲ್ಲ.

ಮೆಥನಾಲ್ ಬಳಕೆಯ ಜೀನ್‌ಗಳನ್ನೂ ಕೆಲವು ಪೆಕ್ಸ್ ಜೀನ್‌ಗಳನ್ನೂ ಒಟ್ಟಿಗೆ ಚಾಲನೆಗೊಳಿಸುವ 'ಎಂಎಕ್ಸ್‌ಆರ್-1' ಎಂಬ ನಿಯಂತ್ರಕ ಪ್ರೋಟೀನು ಪಿಚಿಯಾದಲ್ಲಿದೆ. ಅದು ಡಿ.ಎನ್.ಎ.ಯ ಯಾವ ಭಾಗಗಳನ್ನು ಗುರುತಿಸುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪಿ. ಎನ್. ರಂಗರಾಜನ್ ಅವರ ತಂಡವು ಅಧ್ಯಯನ ಮಾಡಿದೆ.

ಬೆಳೆಗಳಲ್ಲಿ ಪೆರಾಕ್ಸಿಸೋಮ್

ಬೀದರ್ ಜಿಲ್ಲೆಯ ಜನವಾಡ, ಭಾಲ್ಕಿ, ಔರಾದ ಭಾಗಗಳ ಹೊಲಗಳಲ್ಲಿ ಬೆಳೆಯುವ ಪೈರುಗಳನ್ನೇ ತೆಗೆದುಕೊಂಡರೂ ಪೆರಾಕ್ಸಿಸೋಮ್‌ನ ಮೂರು ಭಿನ್ನ ಪಾತ್ರಗಳನ್ನು ಗುರುತಿಸಬಹುದು.

ಮೊದಲನೆಯದು ಎಣ್ಣೆಬೀಜ. ಕುಸುಬೆಯ ಬೀಜ ಮಣ್ಣಿನಲ್ಲಿ ಮೊಳೆಯುವಾಗ ಅದಕ್ಕೆ ಬೆಳಕಿರುವುದಿಲ್ಲ, ಎಲೆಯಿರುವುದಿಲ್ಲ. ಕೂಡಿಟ್ಟ ಎಣ್ಣೆಯೇ ಆಧಾರ. ಗ್ಲೈಆಕ್ಸಿಸೋಮ್‌ಗಳು ಆ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಒಡೆದು, ಸಕ್ಕರೆಯಾಗಿ ಪರಿವರ್ತನೆಗೊಳ್ಳಬಲ್ಲ ವಸ್ತುಗಳನ್ನು ಒದಗಿಸುತ್ತವೆ. ಮೊಳಕೆ ನೆಲದಿಂದ ಮೇಲೆದ್ದು ಬೀಜದಳಗಳು ಹಸಿರಾದ ಮೇಲೆ ಅವೇ ಕಣಗಳು ಹಳೆಯ ಕಿಣ್ವಗಳನ್ನು ಕಳೆದುಕೊಂಡು ಎಲೆಯ ಪೆರಾಕ್ಸಿಸೋಮ್‌ಗಳಾಗಿ ಬದಲಾಗುತ್ತವೆ. ಒಂದೇ ಕಣದಲ್ಲಿ ಎರಡೂ ಬಗೆಯ ಕಿಣ್ವಗಳು ಏಕಕಾಲದಲ್ಲಿರುವುದನ್ನು 1985ರಲ್ಲಿ ಸೌತೆಯ ಬೀಜದಳಗಳಲ್ಲಿ ತೋರಿಸಲಾಯಿತು. ಹಳೆಯ ಕಣಗಳು ನಾಶವಾಗಿ ಹೊಸವು ಹುಟ್ಟುತ್ತವೆ ಎಂಬ ಊಹೆ ಇದರಿಂದ ದುರ್ಬಲವಾಯಿತು.

ಎರಡನೆಯದು ಎಲೆ. ತೊಗರಿ, ಸೋಯಾಬೀನ್ ಮೊದಲಾದ ಗಿಡಗಳಲ್ಲಿ ದ್ಯುತಿಸಂಶ್ಲೇಷಣೆಯ ಪ್ರಧಾನ ಕಿಣ್ವವು ಇಂಗಾಲದ ಡೈಆಕ್ಸೈಡಿನ ಬದಲು ಕೆಲವೊಮ್ಮೆ ಆಮ್ಲಜನಕವನ್ನು ಹಿಡಿಯುತ್ತದೆ. ಆಗ ಹುಟ್ಟುವ ಗ್ಲೈಕೊಲೇಟನ್ನು ಮರುಬಳಕೆಗೆ ತರುವ ದಾರಿ ಪೆರಾಕ್ಸಿಸೋಮ್ ಮೂಲಕ ಸಾಗುತ್ತದೆ. ಬಿಸಿಲಿನ ತಾಪ ಏರಿದಷ್ಟೂ ಈ ಕೆಲಸ ಹೆಚ್ಚು. ಜೋಳದ ಎಲೆಯ ರಚನೆ ಬೇರೆಯಾದುದರಿಂದ ಅದರಲ್ಲಿ ಈ ನಷ್ಟ ತೀರ ಕಡಿಮೆ.

ಮೂರನೆಯದು ಬೇರಿನ ಗಂಟು. ತೊಗರಿ, ಉದ್ದು, ಹೆಸರು, ಸೋಯಾಬೀನ್ ಇವುಗಳ ಬೇರುಗಂಟುಗಳಲ್ಲಿ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆ. ಸೋಯಾಬೀನಿನ ಗಂಟು ಬಲಿಯುತ್ತಿದ್ದಂತೆ, ಬ್ಯಾಕ್ಟೀರಿಯ ಸೇರದ ನೆರೆಯ ಕೋಶಗಳಲ್ಲಿ ಪೆರಾಕ್ಸಿಸೋಮ್‌ಗಳು ದೊಡ್ಡದಾಗಿ ಬೆಳೆಯುತ್ತವೆ. ಅಲ್ಲಿನ ಯೂರಿಕೇಸ್ ಕಿಣ್ವವು ಯೂರಿಕ್ ಆಮ್ಲವನ್ನು ಪರಿವರ್ತಿಸುವ ಹಂತದ ಮೂಲಕ ಅಲ್ಲಂಟಾಯಿನ್ ಮೊದಲಾದ ಯೂರೈಡ್‌ಗಳು ತಯಾರಾಗುತ್ತವೆ. ಗಿಡದ ಮೇಲ್ಭಾಗಕ್ಕೆ ಸಾರಜನಕ ಸಾಗುವುದು ಹೆಚ್ಚಾಗಿ ಈ ರೂಪದಲ್ಲಿ. ಕಡಲೆ ಮತ್ತು ಬಟಾಣಿ ಗಿಡಗಳು ಮಾತ್ರ ಸಾರಜನಕವನ್ನು ಆಸ್ಪರಜೀನ್‌ನಂತಹ ಅಮೈಡ್‌ಗಳಾಗಿ ಸಾಗಿಸುತ್ತವೆ. ಮನುಷ್ಯರಲ್ಲಿ ಯೂರಿಕೇಸ್ ಕಿಣ್ವ ಇಲ್ಲ. ಯೂರಿಕ್ ಆಮ್ಲ ಶೇಖರವಾಗಿ ಗೌಟ್ ಎಂಬ ಸಂಧಿನೋವು ಬರಲು ಇದು ಒಂದು ಕಾರಣ.

ಹೆಚ್ಚಳದ ಸೂಚನೆ ಮತ್ತು ವಿಲೇವಾರಿ

ಇಲಿಗಳಿಗೆ ಕೊಬ್ಬಿನಾಂಶ ಇಳಿಸುವ ಕ್ಲೋಫೈಬ್ರೇಟ್ ಔಷಧ ನೀಡಿದಾಗ ಅವುಗಳ ಯಕೃತ್ತಿನಲ್ಲಿ ಪೆರಾಕ್ಸಿಸೋಮ್‌ಗಳು ಹೇರಳವಾಗುವುದು 1965ರಲ್ಲಿ ವರದಿಯಾಯಿತು. ಈ ಸೂಚನೆಯನ್ನು ಗ್ರಹಿಸುವ ಗ್ರಾಹಕ ಪ್ರೋಟೀನು 1990ರಲ್ಲಿ ಪತ್ತೆಯಾಯಿತು. ಮನುಷ್ಯರ ಯಕೃತ್ತಿನಲ್ಲಿ ಈ ಬಗೆಯ ವೃದ್ಧಿ ಅಷ್ಟಾಗಿ ಕಂಡುಬರುವುದಿಲ್ಲ. ಆದುದರಿಂದ ಇಲಿಗಳ ಮೇಲಿನ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸುವಂತಿಲ್ಲ.

ಹೆಚ್ಚಾದ ಇಲ್ಲವೇ ಹಳತಾದ ಪೆರಾಕ್ಸಿಸೋಮ್‌ಗಳನ್ನು ಕೋಶವು ಪೊರೆಯಿಂದ ಸುತ್ತಿ ಜೀರ್ಣಿಸಿಕೊಳ್ಳುತ್ತದೆ. ಮೆಥನಾಲಿನಲ್ಲಿದ್ದ ಯೀಸ್ಟನ್ನು ಮತ್ತೆ ಗ್ಲೂಕೋಸಿಗೆ ವರ್ಗಾಯಿಸಿದರೆ ಕೆಲವೇ ಗಂಟೆಗಳಲ್ಲಿ ಹೆಚ್ಚುವರಿ ಕಣಗಳು ಹೀಗೆ ಕರಗಿಹೋಗುತ್ತವೆ. ಈ ಕ್ರಿಯೆಗೆ ಪೆಕ್ಸೋಫೇಜಿ ಎಂದು ಹೆಸರು. ಕೋಶದಲ್ಲಿರುವ ಪೆರಾಕ್ಸಿಸೋಮ್‌ಗಳ ಸಂಖ್ಯೆಯು ಉತ್ಪತ್ತಿ ಮತ್ತು ವಿಲೇವಾರಿ ಎರಡರ ಸಮತೋಲನದಿಂದ ನಿರ್ಧಾರವಾಗುತ್ತದೆ.

ಉತ್ಪತ್ತಿಯ ದೋಷಗಳು

ಅಮೆರಿಕದ ಶಿಶುವೈದ್ಯ ಹಾನ್ಸ್ ಜೆಲ್ವೆಗರ್ ಮತ್ತು ಸಂಗಡಿಗರು 1964ರಲ್ಲಿ ವರ್ಣಿಸಿದ ಕಾಯಿಲೆಯ ಮಕ್ಕಳಲ್ಲಿ ಪೆರಾಕ್ಸಿಸೋಮ್‌ಗಳೇ ಕಾಣುವುದಿಲ್ಲವೆಂದು 1973ರಲ್ಲಿ ಸಿಡ್ನಿ ಗೋಲ್ಡ್‌ಫಿಷರ್ ಮತ್ತು ಸಂಗಡಿಗರು ತೋರಿಸಿದರು. ಮನುಷ್ಯರಲ್ಲಿ ಹದಿಮೂರು ಪೆಕ್ಸ್ ಜೀನ್‌ಗಳ ದೋಷದಿಂದ ಈ ವರ್ಗದ ಕಾಯಿಲೆಗಳು ಬರುತ್ತವೆ. ಅವುಗಳಲ್ಲಿ ಪೆಕ್ಸ್-1ರ ದೋಷ ಎಲ್ಲಕ್ಕಿಂತ ಸಾಮಾನ್ಯ. ತೀವ್ರ ರೂಪದಲ್ಲಿ ನವಜಾತ ಶಿಶುವಿನ ಸ್ನಾಯುಗಳು ಸಡಿಲವಾಗಿರುತ್ತವೆ; ಶಿಶುವು ಹಾಲು ಕುಡಿಯಲು ಕಷ್ಟಪಡುತ್ತದೆ; ಫಿಟ್ಸ್, ಯಕೃತ್ತಿನ ಊತ, ಶ್ರವಣ ಹಾಗೂ ದೃಷ್ಟಿದೋಷ ಕಾಣಿಸುತ್ತವೆ. ಇಂತಹ ಶಿಶುಗಳಲ್ಲಿ ಬಹಳಷ್ಟು ಮೊದಲ ವರ್ಷವನ್ನು ದಾಟುವುದಿಲ್ಲ. ಸೌಮ್ಯ ರೂಪದವರು ಪ್ರೌಢಾವಸ್ಥೆಯವರೆಗೂ ಬದುಕಬಹುದು. ರಕ್ತದಲ್ಲಿ ಅತಿ ಉದ್ದದ ಸರಪಳಿಯ ಕೊಬ್ಬಿನಾಮ್ಲಗಳ ಪ್ರಮಾಣ ಹೆಚ್ಚಿರುವುದು ರೋಗನಿರ್ಣಯದ ಮೊದಲ ಸುಳಿವು. ಜೀನ್ ಪರೀಕ್ಷೆಯಿಂದ ಅದು ಖಚಿತವಾಗುತ್ತದೆ. ಸಂಪೂರ್ಣ ಗುಣಪಡಿಸುವ ಚಿಕಿತ್ಸೆ ಇಲ್ಲ. ಯಕೃತ್ತಿನ ತೊಂದರೆಗೆ ಪೂರಕವಾಗಿ ಕೋಲಿಕ್ ಆಮ್ಲದ ಬಳಕೆಗೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ದೊರೆತಿದೆ.

ಈ ಕಾಯಿಲೆಯು ಬಹುತೇಕ ಸಂದರ್ಭಗಳಲ್ಲಿ ಕಾಣುವುದು ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದಾಗ ಮಾತ್ರ. ಒಂದೇ ಪ್ರತಿ ಇರುವವರು ವಾಹಕರು. ಅವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಗರ್ಭಧಾರಣೆಯಲ್ಲಿ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಕರ್ನಾಟಕದಲ್ಲಿ ರೂಢಿಯಲ್ಲಿರುವ ರಕ್ತಸಂಬಂಧದ ಮದುವೆಗಳ ದೃಷ್ಟಿಯಿಂದ ಇದು ಮುಖ್ಯ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಜೀನ್‌ಗಳ ನಾಲ್ಕನೇ ಒಂದು ಪಾಲು, ಸೋದರತ್ತೆ ಅಥವಾ ಸೋದರಮಾವನ ಮಕ್ಕಳೊಡನೆ ಎಂಟನೇ ಒಂದು ಪಾಲು ಸರಾಸರಿ ಸಮಾನವಾಗಿರುತ್ತದೆ. ಆದುದರಿಂದ ಒಬ್ಬರು ವಾಹಕರಾಗಿದ್ದರೆ ಸಂಗಾತಿಯೂ ಅದೇ ದೋಷದ ವಾಹಕರಾಗಿರುವ ಸಂಭವ, ಸಂಬಂಧವಿಲ್ಲದವರ ನಡುವಿನ ಮದುವೆಗಿಂತ ಬಹಳ ಹೆಚ್ಚು. ಕಾಯಿಲೆ ತಾಯಿಯೊಬ್ಬಳಿಂದ ಬಂದದ್ದೆಂದು ದೂರುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ತಂದೆಯ ಪಾಲೂ ಅಷ್ಟೇ ಇರುತ್ತದೆ. ಕುಟುಂಬದಲ್ಲಿ ಇಂತಹ ಮಗು ಹುಟ್ಟಿದ್ದರೆ ಮುಂದಿನ ಗರ್ಭಧಾರಣೆಗೆ ಮೊದಲು ಆನುವಂಶಿಕ ಸಮಾಲೋಚನೆ ಪಡೆಯುವುದು ಸೂಕ್ತ. ದೋಷವಿರುವ ಜೀನ್ ಯಾವುದೆಂದು ಮೊದಲೇ ತಿಳಿದಿದ್ದರೆ ಗರ್ಭಾವಸ್ಥೆಯಲ್ಲಿಯೇ ಪರೀಕ್ಷೆ ಸಾಧ್ಯ.

ಎಕ್ಸ್-ವರ್ಣತಂತುವಿಗೆ ಸಂಬಂಧಿಸಿದ ಅಡ್ರಿನೊಲ್ಯೂಕೊಡಿಸ್ಟ್ರೊಫಿಯೂ ಪೆರಾಕ್ಸಿಸೋಮ್ ಕಾಯಿಲೆಯೇ ಆಗಿದ್ದರೂ ಅದು ಉತ್ಪತ್ತಿಯ ದೋಷವಲ್ಲ. ಅದರಲ್ಲಿ ಪೆರಾಕ್ಸಿಸೋಮ್‌ಗಳು ಸರಿಯಾಗಿಯೇ ರೂಪುಗೊಳ್ಳುತ್ತವೆ. ಕೊಬ್ಬಿನಾಮ್ಲವನ್ನು ಒಳಗೆ ಸಾಗಿಸುವ ಪೊರೆಯ ಒಂದು ಪ್ರೋಟೀನು ಮಾತ್ರ ಕೆಟ್ಟಿರುತ್ತದೆ.